ಮೂರು ಸಾವಿರ ವಾಟಿನ ಹಸಿ ತೂಕ

ಫೆಬ್ರವರಿ ೯, ಭಾನುವಾರ, ಬೆಳಿಗ್ಗೆ ೧೦ ಗಂಟೆ ೪೦ ನಿಮಿಷ. ಹರದನಹಳ್ಳಿಯ ನಮ್ಮ ಮನೆಯ ಮುಂದೆ ಎರಡು ಕಾರು ನಿಂತಿದ್ದವು. ಒಂದು ನನ್ನದು, ಆಗಷ್ಟೇ ತೊಳೆದದ್ದು. ಇನ್ನೊಂದು ಭೀಮನಬೀಡಿನ ಭಾವನದು, ಮೂರು ವಾರದಿಂದ ನೀರು ಕಾಣದ್ದು. ಅಕ್ಕನ ಮನೆಗೆ ಹೊರಟಿದ್ದ ನಮ್ಮಜ್ಜಿ, ನಾನು ತೆರೆದು ಹಿಡಿದಿದ್ದ ಬಾಗಿಲನ್ನು ದಾಟಿ ಹೋಗಿ ಭಾವನ ಕಾರಿನಲ್ಲಿ ಕುಳಿತಳು.

ಅಜ್ಜಿಗೆ ಕಿವಿ ಮಂದ. ಆದರೆ ಕಾರು ಹತ್ತಿದ ಮೇಲೆ ಮಾದಪ್ಪನ ಪದ ಕೇಳಲೇಬೇಕು.

‘ನಿನ್ ಗಾಡೀಲಿ ಪದ ಆಡಕಿಲ್ಲ ಕಣ್ಲಾ, ಗೊಣಗ್ತದೆ,’ ಎಂದಳು. ಮುಂದಿನ ವಾರದ ಸೋಮವಾರ ಅಕ್ಕನ ಮಗುವಿನ ಮುಡಿ ಕೊಡಲು ನಂಜನಗೂಡಿಗೆ ಹೋಗುವಾಗಲೂ ಭಾವನ ಗಾಡಿಯೇ ಎಂದು ಅಲ್ಲೇ ತೀರ್ಪು ಹೇಳಿದಳು.

ಡೈರಿ ತೆಗೆದು ನೋಡಿದೆ. ನಾನು ಕಾರು ಕೊಂಡ ಮೇಲೆ ಅಜ್ಜಿ ಮಾಡಿದ ಪ್ರಯಾಣ, ಅಂದಿನದೂ ಸೇರಿ, ಹನ್ನೊಂದು. ನನ್ನ ಕಾರಿನಲ್ಲಿ ಎರಡು. ಆ ಎರಡೂ ದಿನ ಭಾವ ಊರಲ್ಲಿರಲಿಲ್ಲ!

ನನ್ನನ್ನು ಸಾಕಿದವಳು ಈ ಅಜ್ಜಿ. ನಂಜನಗೂಡಿಗಾದರೂ ಅವಳು ನನ್ನ ಪಕ್ಕ ಕೂರಬೇಕು. ಎಂಟು ದಿನ ಸಮಯವಿತ್ತು.

ಭಾವನ ಸೀಟಿನ ಕೆಳಗೆ ಆಂಪ್ಲಿಫೈಯರ್ ಇದೆ, ಸ್ಪೀಕರುಗಳಿಗೆ ಬಲ ಕೊಡುವ ಪೆಟ್ಟಿಗೆ. ಎಷ್ಟು ವಾಟಿನದು ಎಂದು ಫೋನಿನಲ್ಲಿ ವಿಚಾರಿಸಿದೆ. ಮುನ್ನೂರು ಎಂದರು. ಇಷ್ಟೇನಾ ಎಂದುಕೊಂಡೆ.

ಪರೀಕ್ಷೆ ಮಾಡದೆ ಕೊಳ್ಳುವ ಜಾತಿ ನನ್ನದಲ್ಲ. ಚಾಮರಾಜನಗರದ ಅರಿಶಿನ ಮಂಡಿಯೊಂದರಲ್ಲಿ ನಾನು ಗುಮಾಸ್ತ. ಬಂದ ಅರಿಶಿನ ಸರಿಯಾಗಿ ಒಣಗಿದೆಯೇ ಎಂದು ಮುರಿದು ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ತೇವವಿದ್ದರೆ ನೀರಿನ ತೂಕವೂ ಸೇರಿರುತ್ತದೆ, ಮೂಟೆ ವಾಪಸು. ಈ ವಿಷಯದಲ್ಲಿ ಇದುವರೆಗೆ ನನ್ನನ್ನು ಯಾರೂ ಏಮಾರಿಸಿಲ್ಲ.

ಐದು ಸಂಜೆ, ನಾಲ್ಕು ಅಂಗಡಿ, ಒಂಬತ್ತು ಆಂಪ್ಲಿಫೈಯರ್. ಗೆರೆ ಹಾಕಿ ಕೋಷ್ಟಕ ಮಾಡಿದೆ. ಒಂದು ಪೆಟ್ಟಿಗೆಯ ಮೇಲೆ ಬೆಂಕಿಯ ಚಿತ್ರದ ನಡುವೆ ‘೩೦೦೦ ವಾಟ್ ಮ್ಯಾಕ್ಸ್’ ಎಂದಿತ್ತು. ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ‘ಆರ್‌ಎಂಎಸ್ ೬೦ × ೨’ ಎಂದೂ ಇತ್ತು. ಅದೇನೆಂದು ಕೇಳಿದ್ದಕ್ಕೆ ಅಂಗಡಿಯವನು, ಕಂಪನಿಯವರು ಸುಮ್ಮನೆ ಹಾಕಿರುತ್ತಾರೆ ಎಂದ. ಅಷ್ಟು ಚಿಕ್ಕ ಸಂಖ್ಯೆಗೊಂದು ಕಾಲಂ ದಂಡವೆಂದು ನಾನೂ ಬಿಟ್ಟೆ. ಮೂರು ಸಾವಿರವನ್ನು ಮುನ್ನೂರರಿಂದ ಭಾಗಿಸಿ, ‘ಭಾವನಿಗಿಂತ ಹತ್ತು ಪಟ್ಟು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಅದನ್ನೇ ಕೊಂಡು ಕಾರಿಗೆ ಹಾಕಿಸಿದೆ. ಅದು ಎರಡು ಸ್ಪೀಕರಿನ ಪೆಟ್ಟಿಗೆ. ಮೂರು ಸಾವಿರ ವಾಟಿಗೆ ಎರಡೇನು ಲೆಕ್ಕ ಎಂದು ನಾಲ್ಕು ಕಟ್ಟಿಸಿದೆ.

ಫೆಬ್ರವರಿ ೧೬, ಭಾನುವಾರ. ಭೀಮನಬೀಡಿನಲ್ಲಿ ಅಕ್ಕನ ಮನೆಯ ಅಂಗಳದ ತುಂಬ ಬೇಯಿಸಿದ ಅರಿಶಿನ ಒಣಗುತ್ತಿತ್ತು. ಅಜ್ಜಿಯನ್ನು ಮಂಚದ ಮೇಲೆ ಕೂರಿಸಿ, ಬೇಕಾದರೆ ಕಿವಿ ಮುಚ್ಚಿಕೊಳ್ಳಬಹುದೆಂದು ಮೊದಲೇ ಎಚ್ಚರಿಸಿದೆ. ಕಾರಿನ ಬಾಗಿಲು ತೆರೆದಿಟ್ಟು ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಹರಿದ ತಮಟೆಗೆ ಬಡಿದಂಥ ಒಂದು ಸದ್ದು. ಆಮೇಲೆ ನಿಶ್ಶಬ್ದ. ಡೈರಿಯಲ್ಲಿ ಹೀಗಿದೆ: ಆರಂಭ ೧೧.೧೨. ಮುಕ್ತಾಯ ೧೧.೧೨.

ಅಜ್ಜಿ ಇನ್ನೂ ಕಾಯುತ್ತಿದ್ದಳು. ‘ಸುರು ಮಾಡ್ಲಾ ಮಗ,’ ಎಂದಳು.

ಫ್ಯೂಸ್ ಹೋಗಿತ್ತು. ತೆಗೆದು ನೋಡಿದರೆ ಅದರ ಮೇಲೆ ಹದಿನೈದು ಆಂಪ್ ಎಂದಿದೆ. ಮೂರು ಸಾವಿರ ವಾಟನ್ನು ಬ್ಯಾಟರಿಯ ಹನ್ನೆರಡು ವೋಲ್ಟಿನಿಂದ ಭಾಗಿಸಿದರೆ ಇನ್ನೂರೈವತ್ತು ಆಂಪ್. ಅಲ್ಲಿಗೆ ಹದಿನೈದರ ಫ್ಯೂಸ್ ಹಾಕಿ ಕಳಿಸಿದ್ದಾರೆ! ಕಂಪನಿಗೆ ಎರಡು ಪುಟದ ದೂರು ಬರೆದೆ. ಸರಿಯಾದ ಫ್ಯೂಸ್ ತರಲು ಭಾವನ ಬೈಕಿನಲ್ಲಿ ಗುಂಡ್ಲುಪೇಟೆಗೆ ಹೋದೆ. ಪೆಟ್ಟಿಗೆಯನ್ನೂ ಸಾಕ್ಷಿಗೆ ಒಯ್ದೆ.

ಎಲೆಕ್ಟ್ರಿಕ್ ಅಂಗಡಿಯ ಹಿರಿಯರು ಕನ್ನಡಕ ತೆಗೆದು ನನ್ನನ್ನು ನೋಡಿದರು.

‘ಇನ್ನೂರೈವತ್ತು ಆಂಪಾ? ಟ್ರಾನ್ಸ್‌ಫಾರ್ಮರು ಯಾವೂರ್ದು ಸಾ?’

ಕಾರಿನದೆಂದೆ. ಅಂಗಡಿಗೆ ಪಂಪ್‌ಸೆಟ್ಟಿನ ಸಾಮಾನಿಗೆಂದು ಬಂದಿದ್ದ ಇಬ್ಬರು ರೈತರು ತಮ್ಮ ಮಾತು ನಿಲ್ಲಿಸಿ ಹತ್ತಿರ ಬಂದರು. ಹಿರಿಯರು ನನ್ನ ಡೈರಿಯನ್ನೇ ನನ್ನ ಮುಂದಿಟ್ಟು, ಲೆಕ್ಕವನ್ನು ಹಿಂದುಮುಂದಾಗಿ ಮಾಡಿಸಿದರು. ಹನ್ನೆರಡು ವೋಲ್ಟ್, ಹದಿನೈದು ಆಂಪ್. ಗುಣಿಸಿದರೆ ನೂರ ಎಂಬತ್ತು ವಾಟ್.

‘ಒಳಕ್ ಓಗದೇ ನೂರೆಂಬತ್ತು. ಆಚ್ಗೆ ಮೂರ್ ಸಾವ್ರ ಎಲ್ಲಿಂದ ಬಂದದು ಸಾ?’

ರೈತರು ನನ್ನ ಉತ್ತರಕ್ಕೆ ಕಾದರು. ನಾನು ಇನ್ನೊಂದು ಸಲ ಗುಣಿಸಿ ನೋಡಿದೆ, ನೂರ ಎಂಬತ್ತೇ ಬಂತು.

ಆಮೇಲೆ ಅವರು ಇರುವೆ ಅಕ್ಷರದ ಮೇಲೆ ಬೆರಳಿಟ್ಟು ವಿವರಿಸಿದರು. ಆರ್‌ಎಂಎಸ್ ಎಂದರೆ ಪೆಟ್ಟಿಗೆ ಬಿಡದೆ ಕೊಡುವ ಬಲ. ಅರವತ್ತೆರಡ್ಲ ನೂರಿಪ್ಪತ್ತು, ನನ್ನದು ಅಷ್ಟೇ. ಒಳಗೆ ಹೋದ ನೂರ ಎಂಬತ್ತರಲ್ಲಿ ಉಳಿದದ್ದು ಶಾಖವಾಗಿ ಹೋಗುತ್ತದೆ. ಮ್ಯಾಕ್ಸ್ ಎಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ, ಅದನ್ನೂ ಕಂಪನಿಯವರು ಬಾಯಿಗೆ ಬಂದಷ್ಟು ಬರೆಯುತ್ತಾರೆ. ಭಾವನ ಮುನ್ನೂರು ಇದೆಯಲ್ಲ, ಅದು ನಾಲ್ಕು ಸ್ಪೀಕರಿಗೆ ಎಪ್ಪತ್ತೈದರಂತೆ ಅಸಲಿ ಆರ್‌ಎಂಎಸ್ ಇರಬೇಕು. ಫೋನ್ ಮಾಡಿ ಕೇಳಿದೆ. ಹೌದಂತೆ. ಹತ್ತು ಪಟ್ಟು ಎಂದು ನಾನು ಎರಡು ಗೆರೆ ಎಳೆದಿದ್ದ ಪೆಟ್ಟಿಗೆ ಭಾವನದರ ಅರ್ಧಕ್ಕೂ ಕಡಿಮೆ! ಅದರ ಕೊರಳಿಗೆ ನಾಲ್ಕು ಸ್ಪೀಕರು ಕಟ್ಟಿ ಫ್ಯೂಸ್ ಸುಟ್ಟದ್ದೂ ನಾನೇ.

ವಾಪಸು ಬಂದು ಇದಿಷ್ಟನ್ನೂ ಅಜ್ಜಿಗೆ ಹೇಳಿದೆ. ಅವಳಿಗೆ ಕೇಳುವಷ್ಟು ಜೋರಾಗಿ ಹೇಳಬೇಕಾದ್ದರಿಂದ ಬೀದಿಯವರೆಲ್ಲ ತಿಳಿದುಕೊಂಡರು. ಕಂಪನಿಯವರನ್ನು ಬೈದೆ, ಅಂಗಡಿಯವನನ್ನು ಬೈದೆ. ಅಜ್ಜಿ ಅಂಗಳದಿಂದ ಒಂದು ಅರಿಶಿನದ ಕೊಂಬು ಎತ್ತಿ ಮುರಿಯಲು ನೋಡಿದಳು. ಇನ್ನೂ ಒಣಗಿರಲಿಲ್ಲ, ಬಾಗಿತು.

‘ಅಸಿ ತೂಕ ಬರ್ದವ್ರೆ ಅನ್ನು. ದಿನಾ ಮಂಡೀಲಿ ನೀನು ಇದ್ನೇ ಅಲ್ವೇನ್ಲಾ ನೋಡದು?’

ಭಾವ ಒಳಗೆ ಎದ್ದು ಹೋದರು. ನಗುವುದಕ್ಕೆ ಎಂದು ನನ್ನ ಅನುಮಾನ.

ಫೆಬ್ರವರಿ ೧೭, ಸೋಮವಾರ. ಅಜ್ಜಿ, ಅಕ್ಕ, ಮಗು ಭಾವನ ಕಾರಿನಲ್ಲಿ. ನನ್ನ ಕಾರಿನಲ್ಲಿ ಎರಡು ಪಾತ್ರೆ, ಒಂದು ಜಮಖಾನ, ಅರ್ಧ ಮೂಟೆ ಅಕ್ಕಿ. ಹದಿನೈದರದೇ ಹೊಸ ಫ್ಯೂಸ್ ಹಾಕಿದ್ದೆ, ಆದರೆ ಆಂಪ್ಲಿಫೈಯರ್ ಚಾಲೂ ಮಾಡಲಿಲ್ಲ. ಬೇಗೂರು ದಾಟಿದ ಮೇಲೆ, ೭ ಗಂಟೆ ೨೫ ನಿಮಿಷಕ್ಕೆ, ನನ್ನ ಕಾರಿನೊಳಗೆ ಮೊದಲ ಸಲ ಮಾದಪ್ಪನ ಪದ ಒಂದಕ್ಷರ ಬಿಡದೆ ಸ್ಪಷ್ಟವಾಗಿ ಕೇಳಿಸಿತು. ನನ್ನ ನಾಲ್ಕೂ ಗಾಜು ಏರಿಸಿತ್ತು. ಮುಂದೆ ಹೋಗುತ್ತಿದ್ದ ಭಾವನ ಕಾರಿನ ಗಾಜು ಇಳಿಸಿತ್ತು.

ಅಜ್ಜಿಯ ಒಟ್ಟು ಪ್ರಯಾಣ ಹನ್ನೆರಡು. ನನ್ನ ಪಾಲು ಎರಡೇ.

ಪೆಟ್ಟಿಗೆಯನ್ನು ಎಸೆದಿಲ್ಲ. ಅದರ ಮೇಲೆ ಮೂರು ಸಾವಿರ ಎಂದು ಬರೆಯಲು ಯಾವ ಲೆಕ್ಕದಲ್ಲಿ ಸಾಧ್ಯ, ನೂರಿಪ್ಪತ್ತರಲ್ಲೇ ಕಿವಿ ಮಂದವಾದವರಿಗೆ ಪದ ತಲುಪಿಸುವ ಉಪಾಯವೇನಾದರೂ ಇದೆಯೇ ಎಂದು ಬಲ್ಲವರು ದಯವಿಟ್ಟು ಬರೆದು ತಿಳಿಸಿ. ವಾಟಿನ ಲೆಕ್ಕ ಕಳಿಸುವವರು ಮಾತ್ರ ಒಣಗಿಸಿ ಕಳಿಸಬೇಕು.