ಪುಟ್ಟಿಯ ಶಿಶುವಿಹಾರ, ನನ್ನ ಪುರಿ ಚೀಲ

ಮಗಳು ಪುಟ್ಟಿ ಶಿಶುವಿಹಾರಕ್ಕೆ ಸೇರುವ ಮುನ್ನ ನಾನು ಊಹಿಸಿಟ್ಟಿದ್ದ ಅನಾಹುತಗಳು ಇವು: ಅತ್ತು ಅತ್ತು ಜ್ವರ ಬರಿಸಿಕೊಳ್ಳಬಹುದು. ಬಳಪ ನುಂಗಬಹುದು. ಕೋತಿ ಬಂದು ಲಂಗ ಎಳೆಯಬಹುದು. ಬಾಗಿಲು ತೆರೆದಿದ್ದರೆ ಹೊರಬಂದು ಕಳ್ಳಂಬೆಳ್ಳದ ಬಸ್ಸು ಹತ್ತಿ, ಅಲ್ಲಿನ ಕೆರೆ ಏರಿಯ ಮೇಲೆ ನಿಂತು "ಅಪ್ಪಾ" ಎಂದು ಕೂಗಬಹುದು. ಎಲ್ಲಕ್ಕಿಂತ ಘೋರವಾಗಿ, ಅರ್ಧ ದಿನ ನನ್ನನ್ನು ಕಾಣದೆ ಅಪ್ಪ ಯಾರೆಂಬುದನ್ನೇ ಮರೆಯಬಹುದು!

"ಬಸ್ ಹತ್ತೋಕೆ ಅವಳ ಕಾಲು ಎಟುಕ್ಬೇಕಲ್ರೀ!" ಎಂದಳು ಹೆಂಡತಿ ಸಾವಿತ್ರಿ. "ಪುರಿ ಹಂಚಿ, ಬಿಟ್ಟು ಬಂದ್ಬುಡಿ. ಹಿಂದೆ ತಿರುಗಿ ನೋಡ್ಬೇಡಿ."

ಸಾವಿತ್ರಿಗೇನು ಗೊತ್ತು? ನನ್ನ ತಲೆ ಪೂರ್ತಿ ನರೆತ ಮೇಲೆ ಹುಟ್ಟಿದ ಒಂದೇ ಕೂಸು. ಜೊತೆಗೆ ಟೀಚರಮ್ಮನ ನಿಯಮ ಬೇರೆ: ಮೊದಲ ವಾರವೆಲ್ಲ ಅಳುವ ಮಕ್ಕಳನ್ನು ಮುಂದಿನ ವರ್ಷ ಕರೆತರಬೇಕು. ಪುಟ್ಟಿ ಅಳಕೂಡದು. ಇದೇ ನನ್ನ ಏಕೈಕ ಗುರಿ!

ಮಗು ಸೇರಿದ ದಿನ ಎಲ್ಲ ಮಕ್ಕಳಿಗೂ ಪುರಿ-ಕಡ್ಲೆ ಹಂಚುವುದು ನಮ್ಮ ಶಿರಾದ ವಾಡಿಕೆ. ಕಡಿಮೆ ಬಿದ್ದರೆ ಗತಿ ಏನು? ಚೀಲದ ತುಂಬ ಕೊಂಡೆ.

"ಅರೆ ಸ್ವಾಮಿ, ಇಸ್ಕೂಲಿಗೋ, ದಿಬ್ಬಣಕ್ಕೋ?" ಎಂದರು ಅಂಗಡಿಯ ಸಾಬರು.

ಹಂಚಿದ್ದಾಯಿತು. ಪುಟ್ಟಿ ಪುರಿ ಮೆಲ್ಲುತ್ತ ಕೂತಳು. ಆಯಾ ಸಣ್ಣಮ್ಮನಿಗೆ ನಾನು ಗಂಭೀರವಾಗಿ ಆಜ್ಞಾಪಿಸಿದೆ: "ಬಂದವರು ಯಾರು ಅಂತ ಮಗುವೇ ಗುರುತು ಹೇಳದೆ ಯಾರ ಜೊತೆಗೂ ಕಳಿಸಕೂಡದು. ಯಾರೇ ಬರಲಿ!"

"ಆಯ್ತು ಸಾಮಿ, ನೀವ್ ಓಗ್ಬುಡಿ."

ಹೋದೆ. ಗೇಟಿನವರೆಗೆ. ಮಗು ಅಳುತ್ತಿಲ್ಲ ತಾನೇ ಎಂದು ನೋಡಲು ಕಿಟಕಿಯಲ್ಲಿ ಇಣುಕಿದೆ. ಅಲ್ಲಿಯವರೆಗೆ ನಗುತ್ತಿದ್ದ ಪುಟ್ಟಿ ನನ್ನನ್ನು ಕಂಡಳು. ತುಟಿ ಅದುರಿತು!

"ಅಳಬೇಡ ಕಂದ! ನಾಳೇನೂ ಪುರಿ ತರ್ತೀನಿ!"

"ನಮ್ಗೂ?" ಎಂದಿತು ಇಡೀ ಸಾಲು.

"ಎಲ್ಲರಿಗೂ!" ಎಂದೆ, ರಾಜ್ಯವನ್ನೇ ದಾನ ಕೊಡುವ ಧಾಟಿಯಲ್ಲಿ.

ಮರುದಿನ ಚೀಲದೊಂದಿಗೆ ಹಾಜರಾದೆ. ಯಾರ ತುಟಿ ಅದುರಿದರೂ ಇನ್ನೊಂದು ಹಿಡಿ ಹಾಕಿದೆ. ಮಕ್ಕಳು ಬಹಳ ಚುರುಕು. ಸ್ವಲ್ಪ ಹೊತ್ತಿನಲ್ಲಿ ಇಡೀ ಸಾಲೇ ತುಟಿ ಅದುರಿಸುವುದನ್ನು ಕಲಿಯಿತು. ಹಿಂದಿನ ಸಾಲಿನವರು ನೇರವಾಗಿ ಬಾಯಿಬಿಟ್ಟೇ ಅತ್ತರು!

ಟೀಚರಮ್ಮ ಹಾಡು ನಿಲ್ಲಿಸಿದರು. "ಅಳು ಮರೀಲಿ ಅಂತ ನಾನು ಹಾಡು ಹೇಳ್ಕೊಡ್ತಿದ್ರೆ, ನೀವು ಅಳೋದಕ್ಕೆ ಬಹುಮಾನ ಕೊಡ್ತಿದೀರಲ್ಲ! ನಾಳೆ ಬರಿಗೈಲಿ ಬನ್ನಿ. ಪುರಿ ಇಲ್ದೆ ಮಗಳು ಕೂತ್ರೆ ಸರಿ. ಇಲ್ಲಾಂದ್ರೆ ಮುಂದಿನ ವರ್ಷ."

ಆ ರಾತ್ರಿಯ ಊಟ ನನಗೆ ಸೇರಲಿಲ್ಲ. ಸಾವಿತ್ರಿಗೆ ಚೆನ್ನಾಗಿಯೇ ಸೇರಿತು.

ಬರಿಗೈಯಲ್ಲಿ ಹೋದೆ. "ಪುರಿ ತಾತ ಬಂದ!" ಎಂದು ಮಕ್ಕಳೆಲ್ಲ ಎದ್ದರು. ತಾತ! ನನ್ನ ನರೆಗೂದಲಿಗೆ ಸಿಕ್ಕ ಬಿರುದು. ಬಿರುದಿನ ಹಿಂದೆಯೇ ನನ್ನ ಕೈ ನೋಡಿದರು. ಆಮೇಲೆ ಎದ್ದ ಗೋಳು ಸಂತೆಬೀದಿಗೂ ಕೇಳಿಸಿರಬೇಕು.

ಪುಟ್ಟಿಯೊಬ್ಬಳೇ ಅಳಲಿಲ್ಲ! ಪಕ್ಕದ ಹುಡುಗಿಯ ಮೂಗು ಒರೆಸುತ್ತ ಕೂತಿದ್ದಳು. "ಈ ಮಗು ಹೊಂದ್ಕೊಂಡ್ತು ಬಿಡಿ," ಎಂದರು ಟೀಚರಮ್ಮ. ನಾನು ಗೆದ್ದೆ! ಯಾವ ಕೋತಿಯೂ ಬರಲಿಲ್ಲ, ಬಳಪವೂ ಹೊಟ್ಟೆ ಸೇರಲಿಲ್ಲ, ಕಳ್ಳಂಬೆಳ್ಳದ ಬಸ್ಸು ತನ್ನ ಪಾಡಿಗೆ ತಾನು ಹೋಯಿತು.

ಮಧ್ಯಾಹ್ನ ಎದೆಯುಬ್ಬಿಸಿ ಕರೆತರಲು ಹೋದೆ. ಸಣ್ಣಮ್ಮ ಬಾಗಿಲಿಗೆ ಅಡ್ಡ ನಿಂತಳು.

"ತಡೀರಿ ಸಾಮಿ, ನೀವೇ ಯೋಳಿದ್ದು. ಲೇ ಪುಟ್ಟಿ, ಯಾರವ್ವ ಬಂದಿರಾದು?"

ಪುಟ್ಟಿ ಮೊದಲು ನನ್ನ ಖಾಲಿ ಕೈ ನೋಡಿದಳು. ಆಮೇಲೆ ನನ್ನ ತಲೆ.

"ಪುರಿ ತಾತ," ಎಂದಳು.

"ಅಂಗಾರೆ ನಾ ಕಳ್ಸಾಕಾಗಕಿಲ್ಲ. ಮನೆಗೋಗಿ ಅವ್ರಪ್ಪನ್ನ ಕಳ್ಸಿ!"

ಮನೆಗೆ ಹೋಗಿ ಸಾವಿತ್ರಿಯನ್ನು ಕಳಿಸಿದೆ.