ಊರಿಗೆಲ್ಲ ಲಾಗಿನ್, ನಮ್ಮನೆಗೆ ಬೀಗ

ಜಂಬ ಪಡುವವರಲ್ಲಿ ಒಳಗೊಳಗೇ ಪಡುವವರು ಒಂದು ಬಗೆ, ಹೇಳಿಕೊಂಡು ಪಡುವವರು ಇನ್ನೊಂದು ಬಗೆ. ನಾನು ಎರಡನೆಯ ಗುಂಪಿಗೆ ಸೇರಿದವಳು. ಮಸ್ಸೊಪ್ಪಿಗೆ ಉಪ್ಪು ಹದವಾಗಿ ಬಿದ್ದರೂ ನಾಲ್ಕು ಜನಕ್ಕೆ ಹೇಳದೆ ನನಗೆ ಮುದ್ದೆ ಇಳಿಯುವುದಿಲ್ಲ. ಆದರೆ ಮಸ್ಸೊಪ್ಪಿಗಿರುವ ಅನುಕೂಲ ನನ್ನ ನೌಕರಿಗಿಲ್ಲ. ಸಾರನ್ನು ಬಡಿಸಿ ಹೊಗಳಿಸಿಕೊಳ್ಳಬಹುದು. ನನ್ನ ಕೆಲಸವನ್ನು ಯಾರ ತಟ್ಟೆಗೆ ಬಡಿಸಲಿ?

ರಾಬರ್ಟ್‌ಸನ್‌ಪೇಟೆಯಲ್ಲಿ ಬೇಕರಿಯೊಂದರ ಮಹಡಿಯ ಮೇಲೆ ನಮ್ಮ ಪುಟ್ಟ ಕಂಪ್ಯೂಟರ್ ಆಫೀಸಿದೆ. ಬೇರೆಯವರು ಕಟ್ಟಿದ ವೆಬ್‌ಸೈಟು ಜನರ ಕೈಗೆ ಹೋಗುವ ಮೊದಲು ಎಲ್ಲಿ ಕೆಡುತ್ತದೆ ಎಂದು ಹುಡುಕುವುದು ಅಲ್ಲಿ ನನ್ನ ಕೆಲಸ. ಮದುವೆಯಾಗಿ ಕ್ಯಾಸಂಬಳ್ಳಿ ಹತ್ತಿರದ ಈ ಹಳ್ಳಿಗೆ ಬಂದ ಹೊಸದರಲ್ಲಿ ಅತ್ತೆಗೆ ಇದನ್ನು ಬಿಡಿಸಿ ಹೇಳಿದ್ದೆ. ಅವರು ನಮ್ಮ ಹಸು ರಾಣಿಗೆ ಹುಲ್ಲು ಹಾಕುತ್ತಾ ಪೂರ್ತಿ ಕೇಳಿಸಿಕೊಂಡು, "ಅಂಗಂದ್ರೆ ಅವ್ರು ಕಟ್ತಾರೆ, ನೀನು ಕೆಡಿಸ್ತೀಯ. ಅದಕ್ಕೂ ಸಂಬಳ ಕೊಡ್ತಾರಾ?" ಎಂದರು. ಅಂದಿನಿಂದ ಸೊಸೆ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, "ಏನೋಪ್ಪ, ಆ ಬೇಕರಿ ಮ್ಯಾಲ್ಗಡೆ ಓಗ್ತಾಳೆ" ಎಂದಷ್ಟೇ ಹೇಳುತ್ತಾರೆ. ಅದರ ಫಲವಾಗಿ ಅರ್ಧ ಬೀದಿ ನನ್ನನ್ನು ಬೇಕರಿಯವಳೆಂದೇ ನಂಬಿದೆ. ಮಕ್ಕಳ ಹುಟ್ಟುಹಬ್ಬ ಬಂದಾಗ ಮೊಟ್ಟೆ ಹಾಕದ ಕೇಕು ಸಿಗುತ್ತದಾ ಎಂದು ನನ್ನ ಸ್ಕೂಟರ್ ನಿಲ್ಲಿಸಿ ಕೇಳುತ್ತಾರೆ. ಬೇಸರವಾಗುತ್ತದೆ, ಆದರೂ ವಿಚಾರಿಸಿ ಹೇಳುತ್ತೇನೆ.

ಇಂಥ ನನ್ನ ಬಾಳಿನಲ್ಲಿ ಒಂದು ಒಳ್ಳೆಯ ದಿನ ಬಂತು. ಹಾಲು ಹಾಕುವ ರೈತರಿಗಾಗಿ ವೆಬ್‌ಸೈಟು ಕಟ್ಟುವ ಕೆಲಸ ನಮ್ಮ ಆಫೀಸಿಗೆ ಸಿಕ್ಕಿತು. ಮೊದಲಿಗೆ ಅದರಲ್ಲಿ ಹಸು ಮಲಗುವ ರಬ್ಬರ್ ಮ್ಯಾಟನ್ನು ರಿಯಾಯಿತಿಯಲ್ಲಿ ಕೊಡುವುದೆಂದಾಯಿತು. ಸೋಮವಾರ ಬೆಳಿಗ್ಗೆ ಶುರು, ಮೊದಲು ಬುಕ್ ಮಾಡಿದವರಿಗೆ ಮೊದಲು. ಅಂದರೆ ಡೈರಿಗೆ ಹಾಲು ಹಾಕಿ ಬಂದ ಇಡೀ ತಾಲ್ಲೂಕು ಒಟ್ಟಿಗೆ ಒಳಗೆ ನುಗ್ಗುತ್ತದೆ. ಆ ಭಾರವನ್ನು ಸೈಟು ತಡೆಯುತ್ತದೆಯೇ ಎಂದು ಮೊದಲೇ ನೋಡಬೇಕು. ಅದಕ್ಕೊಂದು ತಂತ್ರಾಂಶವಿದೆ. ನೂರಾರು ಜನ ಒಟ್ಟಿಗೆ ಬಂದು ಬಾಗಿಲು ತಟ್ಟಿದಂತೆ ಅದು ನಟಿಸುತ್ತದೆ.

ಸೈಟನ್ನು ಕಟ್ಟಿದವರು ನಮ್ಮ ಮಾಲೀಕರಾದ, ಮನೆಮಾತು ತಮಿಳಾದ ಸೆಲ್ವಂ ಸಾರ್. ಅವರು ಆ ನೂರಾರು ಜನಕ್ಕೂ ‘ಟೆಸ್ಟ್’ ಎಂಬ ಒಂದೇ ಹೆಸರು ಕೊಟ್ಟು ಓಡಿಸಿದರು. ಎಲ್ಲ ಹಸಿರಾಗಿ ಪಾಸಾಯಿತು. ಕೆಳಗಿನ ಬೇಕರಿಯಿಂದ ಎಲ್ಲರಿಗೂ ಪಫ್ಸ್ ತರಿಸಿದರು. ನಾನು ತಿಂದೆ, ಆದರೆ ಮನಸ್ಸಿಟ್ಟು ತಿನ್ನಲಿಲ್ಲ. ಒಬ್ಬನೇ ನೂರು ಸಲ ಬಾಗಿಲು ತಟ್ಟುವುದೂ ನೂರು ಜನ ಒಂದೊಂದು ಸಲ ತಟ್ಟುವುದೂ ಒಂದೇ ಅಲ್ಲ. ಒಮ್ಮೆ ಕಂಡ ಮುಖವಾದರೆ ಸರ್ವರ್ ತಲೆಯನ್ನೂ ಎತ್ತದೆ ಒಳಗೆ ಬಿಟ್ಟುಬಿಡುತ್ತದೆ. "ಸಾರ್, ನಿಜವಾದ ಹೆಸರುಗಳಲ್ಲಿ ಲಾಗಿನ್ ಮಾಡಿ ನೋಡೋಣ" ಎಂದೆ. "ನಿಮಗೆ ಯಾವಾಗ್ಲೂ ಡೌಟೇ ಮಾ" ಎಂದು ಗೊಣಗುತ್ತಾ ರೈತರ ಡೇಟಾಬೇಸಿನ ಒಂದು ನಕಲು ಕೊಟ್ಟರು. ನಕಲಿನಲ್ಲಿ ಎಲ್ಲರ ಪಾಸ್‌ವರ್ಡನ್ನೂ ಬದಲಾಯಿಸಿ ಒಂದೇ ಮಾಡಿದ್ದರು. ಅವರದ್ದು ನನಗೆ ತಿಳಿಯಬಾರದಲ್ಲ.

ನಾನೊಂದು ಕ್ವೆರಿ ಬರೆದೆ. ಕ್ವೆರಿ ಎಂದರೆ ಬೇರೇನಲ್ಲ, ಡೇಟಾಬೇಸಿಗೆ ಅದರದೇ ಭಾಷೆಯಲ್ಲಿ ಕೇಳುವ ಪ್ರಶ್ನೆ. ಸದಸ್ಯರ ಸಂಖ್ಯೆ ಕೊಡು, ಹೆಸರು ಕೊಡು, ಫೋನ್ ನಂಬರ್ ಕೊಡು ಎಂದೆ. ಬಂಗಾರಪೇಟೆಯ ಮುನಿಯಪ್ಪಂದಿರು, ವೆಂಕಟಮ್ಮಂದಿರು ಸಾಲುಸಾಲಾಗಿ ಇಳಿದು ಬಂದರು. ಆ ಉತ್ತರವನ್ನು ಹಾಗೆಯೇ ತಂತ್ರಾಂಶಕ್ಕೆ ಜೋಡಿಸಿದೆ. ಒಬ್ಬೊಬ್ಬರಿಗೂ ಒಂದೊಂದು ಸಾಲು, ಅವರವರ ಹೆಸರಲ್ಲೇ ಲಾಗಿನ್. ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡು ಓಡಿಸಿದೆ. ಪರದೆಯೆಲ್ಲ ಕೆಂಪಾಯಿತು.

"ಏನ್ ಮಾ ಇದು? ನೆನ್ನೆ ನಲ್ಲಾ ಓಡ್ತಾ ಇತ್ತಲ್ಲ!" ಎಂದು ಸೆಲ್ವಂ ಸಾರ್ ಕುರ್ಚಿ ಬಿಟ್ಟು ಎದ್ದರು. ನೋಡಿದರೆ, ಒಬ್ಬರು ಒಳಗೆ ಹೋದ ತಕ್ಷಣ ಇನ್ನೊಬ್ಬರು ಆಚೆ ಬೀಳುತ್ತಿದ್ದರು. ಒಂದು ಫೋನ್ ನಂಬರಿನಲ್ಲಿ ಒಂದು ಸಲಕ್ಕೆ ಒಬ್ಬರೇ ಎಂದು ಸಾರ್ ನಿಯಮ ಹಾಕಿದ್ದರು. ಅದೇ ನಂಬರಿನಲ್ಲಿ ಬೇರೆ ಹೆಸರಿನವರು ಬಂದರೆ, ಫೋನ್ ಕಳುವಾಗಿದೆ ಎಂದು ತಿಳಿದು ಸೈಟು ಮೊದಲನೆಯವರನ್ನು ದಬ್ಬುತ್ತದೆ. ಹಾಗೆ ದಬ್ಬಿಸಿಕೊಂಡವರಲ್ಲಿ ಬೇರೆ ಬೇರೆ ಊರಿನವರಿದ್ದರು, ಆದರೆ ಎಲ್ಲರಿಗಿಂತ ಹೆಚ್ಚಾಗಿ ನಮ್ಮ ಬೀದಿಯವರೇ ಇದ್ದರು. ಅವರೆಲ್ಲರ ಹೆಸರಿನ ಮುಂದೆ ಒಂದೇ ನಂಬರ್. ಬರುವಾಗ ಕೊತ್ತಂಬರಿ ತಾ ಎಂದು ದಿನಾ ಸಂಜೆ ನನಗೆ ಫೋನ್ ಬರುವುದು ಅದೇ ನಂಬರಿನಿಂದ.

ಮನೆಗೆ ಬಂದವಳೇ, "ಏನತ್ತೆ, ಇವತ್ತು ಎಲ್ಲರ ಹೆಸರಲ್ಲೂ ನಾನೇ ಲಾಗಿನ್ ಮಾಡಿ ನೋಡಿದೆ, ಬೀದಿಯವರೆಲ್ಲ ಡೈರಿಯಲ್ಲಿ ನಿಮ್ಮ ನಂಬರ್ ಬರೆಸಿದ್ದಾರಲ್ಲ?" ಎಂದೆ.

"ಬರೆಸ್ದೆ ಇನ್ನೇನು? ನಂಜಮ್ಮನ ಮಗ ತಿಂಗ್ಳಿಗೊಂದು ಸಿಮ್ ಆಕ್ತಾನೆ. ರಾಮಪ್ಪಂಗೆ ಕಿವಿ ಕೇಳಾಕಿಲ್ಲ. ನಾನಾದ್ರೆ ಎತ್ತಿ ಮಾತಾಡ್ತೀನಿ, ಮನೆ ಬಾಗ್ಲಿಗೆ ಓಗಿ ಏಳಿ ಬತ್ತೀನಿ."

ನನಗೆ ಆಗ ಹೊಳೆಯಿತು. ನಮ್ಮ ಕಡೆ ನಂಬರ್ ಕೇಳಿದರೆ ಜನ ತಮ್ಮ ನಂಬರ್ ಕೊಡುವುದಿಲ್ಲ, ಫೋನ್ ಎತ್ತುವವರ ನಂಬರ್ ಕೊಡುತ್ತಾರೆ. ಗ್ಯಾಸಿಗೂ ಅಷ್ಟೆ, ಸ್ಕೂಲಿಗೂ ಅಷ್ಟೆ. ಇದು ಎಲ್ಲರಿಗೂ ಗೊತ್ತು, ನಮ್ಮ ಸೈಟಿಗೆ ಮಾತ್ರ ಗೊತ್ತಿರಲಿಲ್ಲ.

ಮರುದಿನ ಸೆಲ್ವಂ ಸಾರ್ ಸುಲಭದ ದಾರಿ ಕಂಡುಹಿಡಿದಿದ್ದರು. "ನಿಮ್ಮ ಕ್ವೆರಿಯಲ್ಲಿ ಒಂದ್ ಪದ ಸೇರ್ಸಿ ಮಾ. ಒಂದ್ ನಂಬರ್ ಒಂದೇ ಸಲ ಬರ್ಲಿ. ಎಲ್ಲಾ ಹಸಿರಾಗೋಗುತ್ತೆ. ಸೀಕ್ರಂ ಮುಗ್ಸೋಣ." ಅವರು ಹೇಳಿದ್ದು ನಿಜ. ಅಂಥ ಪದ ಇದೆ, ಚಿಕ್ಕದು. ಅದನ್ನು ಸೇರಿಸಿದ್ದರೆ ನಮ್ಮ ಬೀದಿಯೆಲ್ಲ ಮಾಯವಾಗಿ ಅತ್ತೆ ಒಬ್ಬರೇ ಉಳಿಯುತ್ತಿದ್ದರು, ಪರೀಕ್ಷೆ ಪಾಸಾಗುತ್ತಿತ್ತು, ಮತ್ತೆ ಪಫ್ಸ್ ಬರುತ್ತಿತ್ತು. ನನ್ನ ಕೈ ಕೀಬೋರ್ಡಿನವರೆಗೂ ಹೋಯಿತು. ಆದರೆ ಸೋಮವಾರ ನಂಜಮ್ಮನೂ ರಾಮಪ್ಪನೂ ಒಬ್ಬರನ್ನೊಬ್ಬರು ಆಚೆ ತಳ್ಳುತ್ತಾ ಕೂರುವುದನ್ನು ನೆನೆದು ತಡೆಯಲಾಗಲಿಲ್ಲ. "ಸಾರ್, ಸೋಮವಾರ ಇವರೆಲ್ಲ ಬಂದೇ ಬರ್ತಾರೆ. ನೀವು ಬರಬೇಡಿ ಅಂತ ಆ ಪದ ಹೋಗಿ ಅವರಿಗೆ ಹೇಳುತ್ತಾ?" ಎಂದುಬಿಟ್ಟೆ. ಮಾಲೀಕರಿಗೆ ನಾನು ಹಾಗೆ ಎದುರಾಡಿದವಳೇ ಅಲ್ಲ.

ಸೆಲ್ವಂ ಸಾರ್ ತಂದೆ ಇಲ್ಲಿನ ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಗೆ ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಇಳಿಯುತ್ತಿದ್ದವರು. "ಭಾರ ಹಾಕಿ ನೋಡ್ದೆ ಕೇಜಲ್ಲಿ ಆಳುಗಳನ್ನ ಇಳಿಸ್ತಾ ಇರ್ಲಿಲ್ಲ ಅಂತ ನಮ್ಮಪ್ಪ ಹೇಳ್ತಾ ಇದ್ರು ಮಾ" ಎಂದು ಕೂತು ತಮ್ಮ ನಿಯಮವನ್ನು ತಾವೇ ತಿದ್ದಿದರು. ಫೋನ್ ನಂಬರಿನ ಬದಲು ಸದಸ್ಯರ ಸಂಖ್ಯೆ ನೋಡುವಂತೆ ಮಾಡಿದರು. ಒಂದು ಸಾಲನ್ನೂ ಬಿಡದೆ ಮತ್ತೆ ಓಡಿಸಿದೆ. ಕೊನೆಯ ಹೆಸರಿನವರೆಗೂ ಹಸಿರು. ಈ ಸಲ ಪಫ್ಸನ್ನು ಮನಸ್ಸಿಟ್ಟು ತಿಂದೆ, ಸಾರ್ ಪಾಲಿನದನ್ನೂ ಅವರೇ ನನ್ನ ಕಡೆ ಸರಿಸಿದರು.

ಸೋಮವಾರ ಪರದೆಯ ಮುಂದೆ ಕಾವಲಿನವಳ ಹಾಗೆ ಕೂತೆ. ಜನ ನುಗ್ಗಿದರು. ಬಂಗಾರಪೇಟೆ ಕಡೆಯ ಹಳ್ಳಿಗಳಿಂದ ಒಂದೇ ನಂಬರಿನ ಹತ್ತಾರು ಹೆಸರುಗಳು ಒಟ್ಟಿಗೆ ಬಂದು, ಯಾರೂ ಯಾರನ್ನೂ ತಳ್ಳದೆ ಒಳಗೆ ಹೋದವು. ನನ್ನ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ನಮ್ಮ ಬೀದಿಯವರು ಮಾತ್ರ ನುಗ್ಗಲಿಲ್ಲ. ಒಬ್ಬರಾದ ಮೇಲೆ ಒಬ್ಬರು, ಒಂದೇ ಫೋನಿನಿಂದ, ನಿಧಾನವಾಗಿ ಬರುತ್ತಿದ್ದರು. ಅನುಮಾನ ಬಂದು ಮನೆಗೆ ಫೋನ್ ಮಾಡಿದೆ. ಬೀದಿಯೆಲ್ಲ ನಮ್ಮ ಜಗಲಿಯ ಮೇಲಿತ್ತು. "ಶಾಂತಮ್ಮಾ, ಪಾಸ್‌ವರ್ಡು ಗಟ್ಯಾಗೇಳೇ, ಕೇಳಿಸ್ತಿಲ್ಲ!" ಎಂದು ಅತ್ತೆ ಕೂಗುತ್ತಿದ್ದರು. ಆಮೇಲೆ ನನಗೆ ಹೇಳಿದರು: "ಒಬ್ಬಳೇ ಕೂತು ಎಲ್ರ ಎಸ್ರಲ್ಲೂ ಒಳಗೋಗಿ ಬತ್ತಿದೀನಿ ಕಣಮ್ಮ. ಇದೇ ತಾನೆ ನೀನು ಅಲ್ಲಿ ಮಾಡೋದು? ಮೊದ್ಲೇ ಇಂಗೆ ಏಳಿದ್ರೆ ಆಗ್ತಿರ್ಲಿಲ್ವಾ?"

ಮದುವೆಯಾದ ಇಷ್ಟು ದಿನಕ್ಕೆ ನನ್ನ ಕೆಲಸ ಅತ್ತೆಗೆ ಅರ್ಥವಾಗಿತ್ತು. ಆ ಸಂತೋಷದಲ್ಲಿರುವಾಗಲೇ ಅವರು, "ನಮ್ಮದೊಂದು ಉಳೀತು. ಮನೇದಲ್ವಾ ಅಂತ ಕಡೇಗಿಟ್ಟಿದ್ದೆ. ನಮ್ಮ ಪಾಸ್‌ವರ್ಡು ಏಳಮ್ಮ" ಎಂದರು. ಮನೆಯ ಪಾಸ್‌ವರ್ಡ್ ಹಾಕಿದವಳು ನಾನು. ಯಾವ ಕಳ್ಳನಿಗೂ ಸಿಗಬಾರದೆಂದು ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಬೆರೆಸಿದ್ದೆ. ಒಂದು ಹೇಳಿದೆ, ತಪ್ಪಾಯಿತು. ಇನ್ನೊಂದು ಹೇಳಿದೆ, ಅದೂ ತಪ್ಪು. ಮೂರನೆಯದಕ್ಕೆ ಖಾತೆಗೆ ಬೀಗ ಬಿತ್ತು, ಮರುದಿನದವರೆಗೆ ಯಾರು ಕೇಳಿದರೂ ತೆರೆಯುವುದಿಲ್ಲ. ಆ ಬೀಗ ಭದ್ರವಾಗಿದೆ ಎಂದು ಪರೀಕ್ಷಿಸಿ ಬರೆದುಕೊಟ್ಟವಳೂ ನಾನೇ. ಮರುದಿನದ ಹೊತ್ತಿಗೆ ಮ್ಯಾಟುಗಳು ಮುಗಿದಿದ್ದವು.

ಈಗ ಬೀದಿಯ ಹಸುಗಳೆಲ್ಲ ಮ್ಯಾಟಿನ ಮೇಲೆ ಮಲಗುತ್ತವೆ, ನಮ್ಮ ರಾಣಿ ಸಿಮೆಂಟಿನ ಮೇಲೆ. ಮೊನ್ನೆ ಹಾಲಿನ ಕ್ಯಾನ್ ಹಿಡಿದು ಅತ್ತೆಯ ಹಿಂದೆ ಡೈರಿಗೆ ಹೋಗಿದ್ದೆ. ನಂಜಮ್ಮ ಬಂದು, "ನಿಮ್ಗೇ ಸಿಗ್ಲಿಲ್ವಂತಲ್ಲಕ್ಕಾ?" ಎಂದಳು. ನಾನು ಕ್ಯಾನಿನ ಮುಚ್ಚಳ ನೋಡುತ್ತಾ ನಿಂತೆ. ಅತ್ತೆ ಸೆರಗು ಸರಿಮಾಡಿಕೊಂಡು ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು: "ನನ್ ಸೊಸೆ ಬೀಗ ಆಕಿದ್ರೆ ಅಂಗೇ ಕಣೇ. ಅವಳೇ ಬಂದ್ರೂ ತೆಗ್ಯಾಕಾಗಲ್ಲ!"

ಹೊಗಳಿದರೋ ಹಂಗಿಸಿದರೋ ಕೇಳಲು ಹೋಗಲಿಲ್ಲ. ನಾನು ಅದನ್ನು ‘ಪಾಸ್’ ಎಂದೇ ಬರೆದುಕೊಂಡಿದ್ದೇನೆ.