‘ಏನೋ ತಪ್ಪಾಗಿದೆ’ ಎನ್ನುವ ಪೆಟ್ಟಿಗೆಯವರಿಗೆ ಒಂದು ವಿನಂತಿ

ಹೀಗೆ ನಮ್ಮ ಮಾತು ನಲವತ್ತೆರಡನೆಯ ಸಲವೂ ಅರ್ಧಕ್ಕೇ ನಿಂತಿತಲ್ಲ ಮಾನ್ಯರೇ, ಅಲ್ಲಿಂದಲೇ ಮುಂದುವರಿಸಲು ಅಪ್ಪಣೆ ಬೇಡುತ್ತೇನೆ. ನಾನು ಕಂಪ್ಯೂಟರಿನಲ್ಲಿ ಆಟ ಶುರು ಮಾಡಿ, ಕುದುರೆ ಹತ್ತಿ, ನದಿಯ ಸೇತುವೆಗೆ ಬಂದ ಕೂಡಲೇ ಆಟವನ್ನು ಇಡಿಯಾಗಿ ನುಂಗಿ, ಡೆಸ್ಕ್‌ಟಾಪಿನ ನಟ್ಟನಡುವೆ ‘ಏನೋ ತಪ್ಪಾಗಿದೆ’ ಎಂದು ಪ್ರತ್ಯಕ್ಷವಾಗುವ ಪುಟ್ಟ ಬೂದು ಪೆಟ್ಟಿಗೆಯವರಾದ ತಮಗೆ ಸಾಷ್ಟಾಂಗ ನಮಸ್ಕಾರ. ಏನು ತಪ್ಪಾಗಿದೆ ಎಂದು ಹೇಳದೆ, ನನ್ನ ಕೈಯಿಂದಲೇ ‘ಸರಿ’ ಎಂದು ಒತ್ತಿಸಿಕೊಂಡು ಹೊರಡುವ ತಮ್ಮ ಆಡಳಿತ ಕೌಶಲ ದೊಡ್ಡ ದೊಡ್ಡ ಕಚೇರಿಗಳಿಗೂ ಒಲಿದಿಲ್ಲ.

ತಮ್ಮನ್ನು ಒಲಿಸಿಕೊಳ್ಳಲು ನಾನು ಮಾಡದ ಸೇವೆಯಿಲ್ಲ. ಅಭಿಮಾನಿಗಳ ಚಾಟ್ ಗುಂಪಿನಲ್ಲಿ ಒಬ್ಬರು ಕಂಪ್ಯೂಟರಿಗೆ ಹೊಸ ಡ್ರೈವರ್ ತಂತ್ರಾಂಶ ಹಾಕಿ ಎಂದರು, ಹಾಕಿದೆ. ಇನ್ನೊಬ್ಬರು ಹಳೆಯದೇ ವಾಸಿ ಎಂದರು, ತೆಗೆದೆ. ಆಟವನ್ನು ಅಳಿಸಿ ಮತ್ತೆ ಇಳಿಸಿದೆ, ಸಿಪಿಯು ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ಹಿಡಿದೆ, ಹೆಡ್‌ಫೋನ್ ಕಿತ್ತರೆ ಸರಿಹೋಗುತ್ತದೆ ಎಂದ ಮಹಾನುಭಾವರನ್ನು ನಂಬಿ ಎರಡು ದಿನ ಸದ್ದಿಲ್ಲದೆ ಕುದುರೆ ಓಡಿಸಿದೆ.

ನನ್ನ ಅವಸರಕ್ಕೆ ಕಾರಣವಿತ್ತು. ಆ ಗುಂಪಿನಲ್ಲಿ ನನ್ನನ್ನು ‘ಗುರು’ ಎನ್ನುತ್ತಾರೆ. ಸೇತುವೆಯಾಚೆಯ ಪಟ್ಟಣದ ಗಲ್ಲಿಗಲ್ಲಿಯ ಬಗ್ಗೆ ಆರು ತಿಂಗಳಿಂದ ಉಪದೇಶ ಕೊಟ್ಟವಳು ನಾನು. ಆ ಪಟ್ಟಣವನ್ನು ಬೇರೆಯವರ ವಿಡಿಯೋಗಳಲ್ಲಿ ಬಿಟ್ಟರೆ ನಾನು ಕಂಡೇ ಇಲ್ಲ ಎಂಬುದು ಗೊತ್ತಿದ್ದದ್ದು ತಮಗೊಬ್ಬರಿಗೇ. ಭಾನುವಾರ ನಾಲ್ಕಕ್ಕೆ ಹನ್ನೆರಡು ಮಂದಿ ಅಲ್ಲಿ ಸೇರುವುದು, ಗುರು ಮುಂದೆ ನಿಂತು ದಾರಿ ತೋರಿಸುವುದು ಎಂದು ನಿಗದಿಯಾಗಿತ್ತು. ನನ್ನ ಮಾನ ತಮ್ಮ ಕೈಯಲ್ಲಿತ್ತು.

ಶನಿವಾರ ಅಮ್ಮ ಕೋಣೆಗೆ ಬಂದಳು. ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಹತ್ತೊಂಬತ್ತು ವರ್ಷ ಕೂತವಳು. ಆಟದಲ್ಲಿ ಸೇತುವೆ ಕಾಯುವ ಮುದುಕ ಮಾತು ತೆಗೆದದ್ದೇ ನಾನು ಎಂದಿನಂತೆ ‘ಕಥೆ ಹಾರಿಸು’ ಗುಂಡಿ ಒತ್ತಿದ್ದನ್ನು ನೋಡಿ, “ಪಾಪ, ಆ ಅಜ್ಜ ಏನೋ ಹೇಳಕ್ಕೆ ಬಂದ್ರೆ ಬಾಯಿ ಮುಚ್ಚಿಸ್ತೀಯಲ್ಲೇ,” ಎಂದಳು. ಅದು ಸುಮ್ಮನೆ ಕಥೆ, ಯಾರೂ ಕೇಳುವುದಿಲ್ಲ ಎಂದೆ. “ನಮ್ಮ ಕೌಂಟರಿಗೆ ಬರೋರ ಬಗ್ಗೆನೂ ಆಫೀಸಲ್ಲಿ ಹಾಗೇ ಅಂತಾರೆ. ಏಳು, ಆ ಕಡೆ ಸರಿ.”

ಎಂದಿನಂತೆ ತಾವು ಬಂದು ಹೋದ ಮೇಲೆ ಆಟ ಮತ್ತೆ ತೆರೆಯಿತು. ಏಳು ನಿಮಿಷ ಆ ಅಜ್ಜ ತನ್ನ ಮುರಿದ ದೋಣಿ, ಮುನಿಸಿಕೊಂಡ ಅಳಿಯ, ಮಂಡಿನೋವು ಎಲ್ಲವನ್ನೂ ತೋಡಿಕೊಂಡ, ಅಮ್ಮ “ಹೂಂ, ಆಮೇಲೆ?” ಎನ್ನುತ್ತ ಕೂತಳು. ಅವನು ಮುಗಿಸಿದ, ಸೇತುವೆಯ ಬಾಗಿಲು ತೆಗೆದ, ಕುದುರೆ ದಾಟಿತು. ಕಥೆ ಹಾರಿಸಿದರೆ ನಮ್ಮಂಥ ಹಳೆಯ ಕಂಪ್ಯೂಟರು ತಡೆದುಕೊಳ್ಳುವುದಿಲ್ಲ, ಅಷ್ಟೇ ವಿಷಯ. ಈ ಒಂದು ಸಾಲು ತಮ್ಮ ಪೆಟ್ಟಿಗೆಯಲ್ಲಿ ಹಿಡಿಸುತ್ತಿರಲಿಲ್ಲವೇನೋ, ನನ್ನದೇ ತಪ್ಪು.

ಆದರೆ ಬೆರಳಿಗೆ ಬುದ್ಧಿ ಎಲ್ಲಿಂದ ಬರಬೇಕು? ಭಾನುವಾರ ನಾಲ್ಕಕ್ಕೆ, ಹನ್ನೆರಡು ಮಂದಿಯ ಎದುರು, ಮೊದಲ ಅಂಗಡಿಯವನು ಬಾಯಿ ತೆರೆದದ್ದೇ ಒತ್ತಿಬಿಟ್ಟೆ. ಗುರು ಕುದುರೆ ಸಮೇತ ಮಾಯ. ಅಮ್ಮ ನನ್ನನ್ನು ಎಬ್ಬಿಸಿ ಕೂತು, ಆಟ ಮತ್ತೆ ಹಚ್ಚಿ, ಮೈಕಿನಲ್ಲಿ, “ನಾನು ಇವಳ ಅಮ್ಮ. ಏನು ತೊಂದ್ರೆ, ಒಬ್ಬೊಬ್ರಾಗಿ ಹೇಳಿ,” ಎಂದಳು. ಹೇಳಿದರು ನೋಡಿ. ಅವರಲ್ಲಿ ಐವರು ಸೇತುವೆ ದಾಟಿದ್ದು ಅಂದು ಬೆಳಿಗ್ಗೆಯಷ್ಟೇ ಅಂತೆ, ಅಲ್ಲಿಯವರೆಗೆ ಅವರೂ ವಿಡಿಯೋ ಪಂಡಿತರೇ ಅಂತೆ. ನನ್ನ ಹತ್ತಿರ ಹೇಳಲು ಹೆದರಿಕೆಯಿತ್ತಂತೆ.

ಅಲ್ಲಿಂದ ಮೂರು ಭಾನುವಾರ ಕಳೆದವು. “ಗುರು ಇರ್ಲಿ ಬಿಡಿ, ಅಮ್ಮನ್ನ ಕರೀರಿ,” ಎನ್ನುತ್ತಾರೆ ನನ್ನ ಶಿಷ್ಯರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ನಕ್ಷೆ ಹಿಡಿಯುತ್ತೇನೆ. ಆದ್ದರಿಂದ ತಾವು ಮುಂದಿನ ಭಾನುವಾರ ನಾಲ್ಕೂವರೆಗೆ, ನಾನು ಕುರ್ಚಿಗೆ ಹಾರುವಷ್ಟು ಹೊತ್ತು, ಒಂದೇ ಒಂದು ಸಲ ಅಮ್ಮನ ಮುಂದೆ ದಯಮಾಡಿಸಬೇಕಾಗಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಬೇರೆ ದಾರಿ ಕಾಣದೆ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಗುರು (ನಿವೃತ್ತ)

ತಾ.ಕ.: ಇದನ್ನು ಓದಿದ ಅಮ್ಮ, “ಬರ್ಲಿ ಬಿಡು, ಪಾಪ ಅದಕ್ಕೇನು ತಪ್ಪಾಗಿದೆಯೋ, ನಿಧಾನಕ್ಕೆ ಹೇಳ್ಲಿ, ಕೇಳ್ತೀನಿ,” ಎಂದಿದ್ದಾಳೆ. ನನ್ನ ಹತ್ತಿರ ಕರೆಯದೆ ಬರುತ್ತಿದ್ದವರು ಅವಳು ಕರೆದರೂ ಬರುತ್ತಿಲ್ಲವಲ್ಲ, ಏನು ಸಮಾಚಾರ? ತಮಗೂ ಅಮ್ಮ ಎಂದರೆ ಭಯವೇ?